ನೂರೆಲಗ ಒಂದೆಲಗವಾದದ್ದು

ಲೋಕ ಹುಟ್ಟಿದ ಮೂರನೆಯ ವರ್ಷ. ಮೃಗಶಿರ ಮಳೆಗೆ ಇನ್ನೂ ನಾಲ್ಕು ದಿನವಿತ್ತು. ಮಂಗಳವಾರ. ಬೆಳಗ್ಗೆ ಮೋಡ, ಹೊತ್ತೇರಿದ ಮೇಲೆ ಬಿಸಿಲು. ಗಾಳಿ ಇರಲಿಲ್ಲ. ಗಾಳಿ ಸುದ್ದಿ ಹೇಳಲು ಹೋಗಿತ್ತು.

ಸುದ್ದಿ ಇಷ್ಟೇ. ಈರಕ್ಕನ ಮನೆ ಕಟ್ಟಿ ಮುಗಿದಿದೆ. ಅಂಗಳಕ್ಕೂ ಹಿತ್ತಲಿಗೂ ಅವಳು ಗಿಡ ಆರಿಸುತ್ತಾಳೆ. ಬರುವವರು ಬರಬಹುದು.

ಆಗ ಗಿಡಗಳು ನಡೆಯುತ್ತಿದ್ದವು. ಕೆಸರಿನಲ್ಲಿ ಹೆಂಗಸರು ಸೀರೆ ಎತ್ತಿ ಹಿಡಿದು ನಡೆಯುವ ಹಾಗೆ ಬೇರು ಎತ್ತಿ ಹಿಡಿದು ನಡೆಯುತ್ತಿದ್ದವು. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಒಂದೇ ಕಡೆ ಊರಿ ನಿಲ್ಲಬೇಕು ಎಂದು ಯಾವ ಗಿಡಕ್ಕೂ ಅನ್ನಿಸಿರಲಿಲ್ಲ. ಯಾಕೆಂದರೆ ಯಾರ ಪಕ್ಕದಲ್ಲಿ ನಿಲ್ಲಬೇಕು? ಮನೆ ಎಂಬುದೇ ಇರಲಿಲ್ಲ. ಜನರೂ ಮರದಡಿ ಮಲಗಿ ಮರದಡಿ ಏಳುತ್ತಿದ್ದರು.

ಈರಕ್ಕನೂ ಹಾಗೆಯೇ ಇದ್ದವಳು. ನದಿ ದಡದ ಆಲದ ಮರದ ಕೆಳಗೆ ಅವಳು ಮತ್ತು ಅವಳ ತಂಗಿ ಚೆಲುವಿ. ಅವರಿಗೆ ಬೇರೆ ಯಾರೂ ಇರಲಿಲ್ಲ. ಬೇಕು ಅಂತಲೂ ಅನ್ನಿಸಿರಲಿಲ್ಲ.

ಚೆಲುವಿ ಎದುರಿಗೆ ಹರಿಯುವ ನದಿಯನ್ನು ನೋಡುತ್ತಾ ಕೂರುವಳು.

"ಇದು ಎಲ್ಲಿಗೆ ಹೋಗುತ್ತೆ ಅಕ್ಕ?"

"ಮುಂದಕ್ಕೆ."

"ಮುಂದೆ ಅಂದ್ರೆ ಎಲ್ಲಿಗೆ?"

"ಅದನ್ನೇ ಕೇಳು."

ಕೇಳಿದರೆ ನದಿ, "ಬಾ, ನೋಡಿದ್ರೆ ಗೊತ್ತಾಗುತ್ತೆ," ಎನ್ನುತ್ತಿತ್ತು. ನಿಂತು ಹೇಳುವಷ್ಟು ಪುರುಸೊತ್ತು ನದಿಗೆ ಎಂದೂ ಇರಲಿಲ್ಲ.

ಒಂದು ಬೆಳಗ್ಗೆ ಚೆಲುವಿ ಎದ್ದು ಹೊರಟೇಬಿಟ್ಟಳು. ಆ ಕಾಲದಲ್ಲಿ ಹೊರಟವರು "ಹೋಗ್ತೀನಿ" ಎನ್ನುತ್ತಿದ್ದರು. ಮಾತುಗಳು ಹೊಸವು. ಒಂದು ಮಾತಿಗೆ ಒಂದೇ ಅರ್ಥ. ಹೋಗುವವರು ಹೋಗ್ತೀನಿ ಎನ್ನಬೇಕು, ಬರುವವರು ಬಂದೆ ಎನ್ನಬೇಕು. ಚೆಲುವಿಯೂ "ಅಕ್ಕ, ಹೋಗ್..." ಎಂದು ಶುರುಮಾಡಿದಳು. ಅಷ್ಟಕ್ಕೇ ಈರಕ್ಕನ ಮುಖ ಹೇಗಾಯಿತೆಂದರೆ, ಚೆಲುವಿ ಆ ಮಾತನ್ನು ಅಲ್ಲೇ ನುಂಗಿದಳು. ಸ್ವಲ್ಪ ಹೊತ್ತು ಯೋಚಿಸಿದಳು.

"ಅಕ್ಕ, ಬರ್ತೀನಿ," ಎಂದಳು.

ಹೋಗುವವರು ಹಾಗೆಂದದ್ದು ಲೋಕದಲ್ಲಿ ಅದೇ ಮೊದಲು. ಈರಕ್ಕ ಅದನ್ನು ಇದ್ದ ಹಾಗೇ ನಂಬಿದಳು. ಮಾತಿಗೆ ಒಂದೇ ಅರ್ಥವಿದ್ದ ಕಾಲ. ನಂಬದೆ ಇನ್ನೇನು ಮಾಡಿಯಾಳು?

ಎರಡು ಮಳೆಗಾಲ ಕಾದಳು. ಅಷ್ಟರಲ್ಲಿ ಆಲದ ಮರಕ್ಕೆ ಅಲ್ಲಿ ಬೇಸರ ಬಂತು. ಬೇರು, ಬಿಳಲುಗಳನ್ನೆಲ್ಲ ಎತ್ತಿಕೊಂಡು ಅದೂ ಎತ್ತಲೋ ಹೊರಟುಹೋಯಿತು. ಈರಕ್ಕನಿಗೆ ದಿಗಿಲಾದದ್ದು ಆಗ. ಚೆಲುವಿ ಬಂದರೆ ಏನನ್ನು ನೋಡಿ ಗುರುತು ಹಿಡಿಯುತ್ತಾಳೆ? ಮರ ನಡೆಯುತ್ತದೆ, ನದಿ ದಡ ಬದಲಿಸುತ್ತದೆ. ಕದಲದೆ ಇರುವಂಥದ್ದು ಏನಾದರೂ ಬೇಕು.

ಹಾಗೆ ಅವಳು ಮಣ್ಣು ತುಳಿದು, ಹುಲ್ಲು ಕಲಸಿ, ನಾಲ್ಕು ಗೋಡೆ ಎಬ್ಬಿಸಿದಳು. ಮೇಲೆ ಮಾಡು ಹೊದಿಸಿದಳು. ಲೋಕದ ಮೊದಲನೆಯ ಮನೆ ಅದು. ಸುಖವಾಗಿರಲು ಕಟ್ಟಿದ್ದಲ್ಲ. ಗುರುತಿಗೆ ಕಟ್ಟಿದ್ದು.

ಗೋಡೆ ಮುಗಿದ ದಿನ ಒಳಗೆ ಹೋಗಿ ಕುಳಿತಳು. ಹೊರಗೆ ನದಿ ಏನೋ ಅನ್ನುತ್ತಿತ್ತು, ಹಕ್ಕಿ ಏನೋ ಅನ್ನುತ್ತಿತ್ತು. ಒಳಗೆ ಬರುವಷ್ಟರಲ್ಲಿ ಅದು ಬರೀ ಸದ್ದಾಗುತ್ತಿತ್ತು. ಅಂಥದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅದಕ್ಕೆ ಏನೆನ್ನಬೇಕೆಂದೂ ಗೊತ್ತಿರಲಿಲ್ಲ. ಗೋಡೆ ಇನ್ನೂ ಹಸಿಯಾಗಿದೆ, ಒಣಗಿದ ಮೇಲೆ ಸರಿಹೋದೀತು ಅಂದುಕೊಂಡಳು.

ಗೋಡೆ ಒಣಗಿತು. ಸರಿಹೋಗಲಿಲ್ಲ.

ಆಮೇಲೆ ಅವಳು ಗಿಡ ಆರಿಸಲು ಕುಳಿತಳು.

ಗಾಳಿಯ ಸುದ್ದಿ ಕೇಳಿ ಗಿಡಗಳು ಹೆಣ್ಣು ನೋಡಲು ಬರುವವರ ಹಾಗೆ ಸಿಂಗರಿಸಿಕೊಂಡು ಬಂದವು. ಈರಕ್ಕ ಹೊಸ ಜಗಲಿಯ ಮೇಲೆ ಕುಳಿತಿದ್ದಳು. ಬಂದವರಿಗೆಲ್ಲ ಒಂದೇ ಪ್ರಶ್ನೆ.

"ನನ್ನ ತಂಗಿ ಬರ್ತೀನಿ ಅಂದಿದ್ದಾಳೆ. ಅವಳಿಗೆ ಈ ಮನೆ ಗುರುತು ಸಿಗಬೇಕು. ನೀನೇನು ಮಾಡ್ತೀಯ?"

ಮೊದಲು ಬಂದದ್ದು ತೆಂಗು. ಗಂಭೀರ ಸ್ವಭಾವ. "ಎಂಟು ಹರದಾರಿ ದೂರದಿಂದ ಕಾಣೋಹಾಗೆ ನಿಲ್ತೀನಿ. ಅಷ್ಟೆತ್ತರ ಆಗೋಕೆ ಎಂಟು ವರ್ಷ ಬೇಕು."

ಈರಕ್ಕ ನಕ್ಕಳು. "ಎಂಟು ವರ್ಷ ಅವಳು ಬರದೆ ಇರ್ತಾಳಾ? ಬೇಡ ಬಿಡಪ್ಪ."

ತೆಂಗು ಅಂಗಳದಿಂದಾಚೆ ಹೋಗಿ ನಿಂತಿತು.

ನುಗ್ಗೆ ನುಗ್ಗಿಕೊಂಡೇ ಬಂತು. "ಮೂರು ಮಳೆ ಬೀಳಲಿ, ನಿನ್ನ ಮಾಡು ದಾಟಿರ್ತೀನಿ. ತೆಂಗಣ್ಣನಿಗೆ ನಿಧಾನ ಜಾಸ್ತಿ."

"ನಿನ್ನ ಕೊಂಬೆ ಒಂದು ಕಾಗೆ ಕೂತರೆ ಮುರಿಯುತ್ತಂತೆ?"

"ಮುರಿದರೆ ಚಿಗುರ್ತೀನಿ. ಅದಕ್ಕೇನು?"

ನುಗ್ಗೆಗೆ ಹಿತ್ತಲಿನ ಮೂಲೆ ಸಿಕ್ಕಿತು. ಹಗಲಿನಲ್ಲಿ ಬಂದರೆ ಕಾಣಲಿ ಎಂದು ದಾಸವಾಳ ದಿನಕ್ಕೊಂದು ಕೆಂಪು ಹೂ ಹಿಡಿಯುತ್ತೇನೆಂದಿತು. ಅದಕ್ಕೆ ಅಂಗಳದ ಬಲಗಡೆ ಸಿಕ್ಕಿತು. ಮುಸ್ಸಂಜೆಗೆ ಬಂದರೆ ಮೂಗಿಗೆ ತಿಳಿಯಲಿ ಎಂದು ಮಲ್ಲಿಗೆ ವಾಸನೆ ಬೀರುತ್ತೇನೆಂದಿತು. ಅದಕ್ಕೆ ಎಡಗಡೆ. ಅವೆರಡೂ ಅಕ್ಕಪಕ್ಕ ನಿಲ್ಲಲು ಒಪ್ಪಲಿಲ್ಲ. "ಅವಳಿಗೆ ಬಣ್ಣ ಒಂದಿದೆ, ಅಷ್ಟೇ," ಎಂದಿತು ಮಲ್ಲಿಗೆ. "ನಾನು ಕಾಣ್ತೀನಮ್ಮ, ಕೆಲವರ ಹಾಗೆ ಕತ್ತಲೆ ಕಾಯೋದಿಲ್ಲ," ಎಂದಿತು ದಾಸವಾಳ. ನಡುವೆ ಬಾಗಿಲಿರಲಿ ಎಂದು ಈರಕ್ಕ ತೀರ್ಮಾನಿಸಿದಳು.

ಬಾಳೆ ಬಂದು, "ನಾನು ಎಲೆ ಬಡಿದು ಸದ್ದು ಮಾಡ್ತೀನಿ. ಕಣ್ಣು ಮಂಜಾದೋರಿಗೂ ಕೇಳುತ್ತೆ. ಬಚ್ಚಲ ನೀರು ಬಿಟ್ಟರೆ ಸಾಕು," ಎಂದಿತು. ಅದಕ್ಕೆ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಜಾಗ ಸಿಕ್ಕಿತು.

ಕಳ್ಳಿಯೂ ಬಂದಿತ್ತು. "ಸುತ್ತ ನಿಂತು ಕಾವಲು ಕಾಯ್ತೀನಿ."

"ಬರೋರನ್ನ ತಡೆಯೋದು ನನಗೆ ಬೇಡ," ಎಂದಳು ಈರಕ್ಕ. ಅದಕ್ಕೇ ಆ ಮನೆಗೆ ಬೇಲಿ ಇರಲಿಲ್ಲ.

ಹೊತ್ತು ಇಳಿಯಿತು. ಈರಕ್ಕ ಜಗಲಿಯಿಂದ ಏಳುತ್ತಿದ್ದಳು. ಆಗ ಎಲ್ಲರ ಹಿಂದೆ, ತಡವಾಗಿ, ಮೊಣಕಾಲೆತ್ತರದ ಪೊದೆಯೊಂದು ಬಂತು. ಮೈತುಂಬ ದುಂಡು ದುಂಡು ಎಲೆ. ಎಣಿಸಿದರೆ ಸರಿಯಾಗಿ ನೂರು. ಹೆಸರು ನೂರೆಲಗ. ಹೂವು ಹೇಳಿಕೊಳ್ಳುವಂಥದ್ದಲ್ಲ, ವಾಸನೆ ಅಷ್ಟಕ್ಕಷ್ಟೇ.

"ನೀನೇನು ಮಾಡ್ತೀಯ? ನಿನ್ನನ್ನು ನೋಡಿ ಅವಳಿಗೆ ಗುರುತು ಸಿಗುತ್ತಾ?"

"ಇಲ್ಲ," ಎಂದಿತು ನೂರೆಲಗ. "ಅವಳಿಗೆ ನಿನ್ನ ಮನೆ ಗುರುತು ಸಿಗೋಕೆ ಇವರೆಲ್ಲ ಇದ್ದಾರೆ. ಬಂದಾಗ ನಿನಗೆ ಅವಳ ಗುರುತು ಸಿಗಬೇಕಲ್ಲ, ಅದಕ್ಕೆ ನಾನು."

ನುಗ್ಗೆ ಕಿಸಕ್ಕೆಂದಿತು.

"ನನ್ನ ತಂಗಿ ಗುರುತು ನನಗೆ ಸಿಗೋದಿಲ್ವಾ?" ಈರಕ್ಕನಿಗೆ ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯ.

"ಅವಳ ವಿಷಯ ದಿನಕ್ಕೊಂದು ಮಾತು ಹೇಳು. ಎಲೆಗೊಂದರ ಹಾಗೆ ಇಟ್ಕೋತೀನಿ. ಮರೆತ ದಿನ ಎಲೆ ತಿಂದ್ರೆ ಆ ಮಾತು ನಿನಗೆ ವಾಪಸ್ಸು ಬರುತ್ತೆ."

"ಮರೆತ ದಿನ ನೋಡೋಣ," ಎಂದಳು ಈರಕ್ಕ. ಆದರೂ ಬಂದದ್ದನ್ನು ಓಡಿಸಲು ಮನಸ್ಸು ಬರಲಿಲ್ಲ. ಒಳ್ಳೆಯ ಜಾಗಗಳೆಲ್ಲ ಮುಗಿದಿದ್ದವು. ಬಾಳೆಯನ್ನೂ ದಾಟಿ, ಬಚ್ಚಲ ನೀರು ಹರಡಿ ನಿಲ್ಲುವ ಕಡೆ ಎರಡು ಗೇಣು ಜಾಗವಿತ್ತು. "ಬೇಕಾದ್ರೆ ಅಲ್ಲಿ ನಿಂತ್ಕೋ."

ನೂರೆಲಗ ಅಲ್ಲಿ ನಿಂತಿತು.

ಹಾಗೆ ಗಿಡಗಳು ನೆಲೆ ನಿಂತವು. ಮನೆ ಸಿದ್ಧವಾಯಿತು. ಎತ್ತರ ಇತ್ತು, ಬಣ್ಣ ಇತ್ತು, ವಾಸನೆ ಇತ್ತು, ಸದ್ದು ಇತ್ತು. ಇನ್ನು ಚೆಲುವಿ ಬರುವುದೊಂದೇ ಬಾಕಿ.

ಈರಕ್ಕ ದಿನಾ ನದಿಯನ್ನು ಕೇಳುತ್ತಿದ್ದಳು. "ನನ್ನ ತಂಗಿಯನ್ನು ನೋಡಿದೆಯಾ?"

"ನಾನು ಈಗ ಮೇಲಿನಿಂದ ಬರ್ತಿದ್ದೀನಿ, ನನಗೆ ಗೊತ್ತಿಲ್ಲ," ಎನ್ನುತ್ತಿತ್ತು ನದಿ. "ಕೆಳಗೆ ಹೋದ ನೀರಿಗೆ ಗೊತ್ತಿರುತ್ತೆ. ಅದು ಹಿಂದಕ್ಕೆ ಬರೋದಿಲ್ಲ."

ಮಾರನೆಯ ದಿನವೂ ಅದೇ ಪ್ರಶ್ನೆ. ಮಾರನೆಯ ದಿನದ ನೀರಿನದೂ ಅದೇ ಉತ್ತರ.

ಎಂಟು ವರ್ಷ ಕಳೆಯಿತು. ತೆಂಗು ಅಂಗಳದಾಚೆಯೇ ಬೆಳೆದು ಮುಗಿಲು ಮುಟ್ಟುತ್ತಿತ್ತು. ನಾನು ಆಗಲೇ ಹೇಳಿದ್ದೆ ಎಂದು ಅದು ಒಂದು ಸಲವೂ ಅನ್ನಲಿಲ್ಲ. ಈರಕ್ಕ ತಲೆ ಎತ್ತಿ ಅದನ್ನು ನೋಡಿದ ದಿನ ಸುಮ್ಮನೆ ಗರಿ ಬೇರೆ ಕಡೆ ತಿರುಗಿಸಿತು.

ಇನ್ನೂ ಎಂಟು ವರ್ಷ ಕಳೆಯಿತು. ನುಗ್ಗೆ ಎರಡು ಸಲ ಮುರಿದು ಎರಡು ಸಲ ಚಿಗುರಿತು. ಬಾಳೆ ಸತ್ತು ಮರಿಯಾಗಿ, ಮರಿ ಬೆಳೆದು ಬಾಳೆಯಾಯಿತು. ದಾರಿಹೋಕರು ಅಂಗಳಕ್ಕೆ ಬಂದು ನೀರು ಕುಡಿದು ಹೋಗುತ್ತಿದ್ದರು. ಎಲ್ಲರೂ ಅವಳನ್ನು ಈರಕ್ಕ, ಅಕ್ಕ ಎನ್ನುತ್ತಿದ್ದರು. ಹೋಗುವಾಗ "ಹೋಗ್ತೀನಿ ಅಕ್ಕ" ಎನ್ನುತ್ತಿದ್ದರು.

ಒಂದು ದಿನ ಪಾತ್ರೆ ತೊಳೆಯುತ್ತಿದ್ದ ಈರಕ್ಕನ ಕೈ ನಿಂತಿತು. ಚೆಲುವಿಗೆ ಮಚ್ಚೆ ಇತ್ತು. ಇತ್ತು, ಖಂಡಿತ. ಬಲಗೆನ್ನೆಯ ಮೇಲೋ, ಎಡಗೆನ್ನೆಯ ಮೇಲೋ?

ಪಾತ್ರೆ ಅಲ್ಲೇ ಬಿಟ್ಟು ಬಚ್ಚಲ ನೀರು ದಾಟಿ ಹೋದಳು. ನೂರೆಲಗದ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

"ಇವತ್ತಿಂದ ಹೇಳ್ತೀನಿ," ಎಂದಳು.

"ಹೇಳು," ಎಂದಿತು ನೂರೆಲಗ. ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ.

ಅವಳು ದಿನಕ್ಕೊಂದು ಮಾತು ಹೇಳಿದಳು. ಚೆಲುವಿ ಎಡಚಿ, ನೀರು ಕುಡಿಯುವಾಗಲೂ ಎಡಗೈ ಬೊಗಸೆ. ನಗುವಾಗ ಕತ್ತಿನ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಕಪ್ಪೆ ಎಂದರೆ ಹೆದರುತ್ತಾಳೆ, ಹೆದರಿಕೆಯಿಲ್ಲ ಎನ್ನುತ್ತಾಳೆ.

"ಇನ್ನೊಂದು ಏನು ಗೊತ್ತಾ, ಅವಳು ಎಣಿಸುವಾಗ ಏಳು ಅನ್ನೋದಿಲ್ಲ. ಆರಾದ ಮೇಲೆ ಎಂಟೇ."

"ಯಾಕೆ?"

"ಬೆಳಗ್ಗೆ ಎಬ್ಬಿಸೋಕೆ ನಾನು ಏಳು ಏಳು ಅಂತಿದ್ದೆನಲ್ಲ. ಎಣಿಸುವಾಗಲೂ ಅದನ್ನ ಕೇಳಬೇಕಾ ಅನ್ನೋಳು."

ಗೋಡೆಯ ಒಳಗೆ ಕುಳಿತ ಮೇಲೆ ಈರಕ್ಕ ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ದಿನಾ ಸಂಜೆ ಪಾತ್ರೆ ತೊಳೆದಾದ ಮೇಲೆ ಅಲ್ಲಿ ಹೋಗಿ ಕೂರುವಳು. ಹೇಳಬೇಕಾದ ಒಂದು ಮಾತು ಹೇಳಿ, ಹೇಳಬೇಕಾಗಿಲ್ಲದ ಹತ್ತು ಮಾತು ಆಡುವಳು. ಬಾಳೆ ಕಿವಿಗೊಟ್ಟು ಕೇಳುತ್ತಿತ್ತು. "ನನ್ನ ಹತ್ತಿರ ಒಂದು ದಿನ ಹೀಗೆ ಕೂತಿದ್ದಾಳಾ?" ಎಂದು ನುಗ್ಗೆಯ ಹತ್ತಿರ ದೂರು ಹೇಳುತ್ತಿತ್ತು.

ತೊಂಬತ್ತೊಂಬತ್ತು ದಿನವಾಯಿತು. ತೊಂಬತ್ತೊಂಬತ್ತು ಎಲೆ ತುಂಬಿತು.

"ಸಾಕು," ಎಂದಿತು ನೂರೆಲಗ. "ತುದಿಯಲ್ಲಿರೋ ಎಲೆ ನನಗಿರಲಿ."

"ನಿನಗೆ ಯಾಕೆ?"

"ನನಗೂ ಒಂದಿಷ್ಟು ನೆನಪಿರಬೇಕಲ್ಲ. ನಾನು ಯಾರು, ನೀನು ಯಾರು, ಸಂಜೆ ಹೊತ್ತು ಇಲ್ಲಿ ಏನೇನು ಮಾತಾಡ್ಕೊಂಡ್ವಿ ಅಂತ."

"ಅದನ್ನೆಲ್ಲ ನೆನಪಿಟ್ಕೊಂಡು ಏನು ಮಾಡ್ತೀಯ?" ಎಂದು ಈರಕ್ಕ ನಕ್ಕಳು. ನೂರೆಲಗವೂ ನಕ್ಕಿತು. ಆದರೆ ತುದಿಯ ಎಲೆಯನ್ನು ಕೊಡಲಿಲ್ಲ.

ಮರೆವು ಬರುವಾಗ ಒಂದೇ ಸಲ ಬರಲಿಲ್ಲ. ಮನೆಗೆ ಇರುವೆ ಬರುವ ಹಾಗೆ ಬಂತು. ಮೊದಲು ಚೆಲುವಿಯ ನಡಿಗೆ ಹೋಯಿತು. ಈರಕ್ಕ ಒಂದು ಎಲೆ ಕಿತ್ತು ತಿಂದಳು. ತಂಗಿ ಕಣ್ಣ ಮುಂದೆ ನಡೆದು ಹೋದಳು. ಹದಿನೈದು ದಿನ ಆ ನೆನಪು ಇತ್ತು. ಆಮೇಲೆ ಅದೂ ಹೋಯಿತು. ಕಿತ್ತ ಜಾಗದಲ್ಲಿ ಎಲೆ ಮತ್ತೆ ಚಿಗುರಲಿಲ್ಲ.

"ಚಿಗುರೋದಿಲ್ವಾ?"

"ಇಲ್ಲ ಈರಕ್ಕ. ಹುಷಾರಾಗಿ ತಿನ್ನು."

ಹುಷಾರಾಗಿಯೇ, ಎಷ್ಟೋ ವರ್ಷ ತಿಂದಳು. ಆದರೂ ತೊಂಬತ್ತೊಂಬತ್ತು ಎಂಬುದು ದೊಡ್ಡ ಸಂಖ್ಯೆಯಲ್ಲ. ಕೊನೆಕೊನೆಗೆ ಅವಳಿಗೆ ಉಳಿದಿದ್ದದ್ದು ಒಂದೇ. ತಂಗಿ ಅಂತ ಒಬ್ಬಳಿದ್ದಾಳೆ, ಬರ್ತೀನಿ ಅಂದಿದ್ದಾಳೆ. ಅದಕ್ಕೆ ಎಲೆ ಬೇಕಾಗಿರಲಿಲ್ಲ. ಅದು ಮನೆಯ ಹಾಗೆ, ಕದಲದೆ ನಿಂತಿತ್ತು. ಯಾವ ಹೊತ್ತಿನಲ್ಲಿ ಹಾಗಂದಳು ಎಂಬುದು ಮಾತ್ರ ಅಳಿಸಿತ್ತು.

ನೂರೆಲಗ ಬರೀ ಕಡ್ಡಿಯಾಗಿತ್ತು. ತುದಿಯಲ್ಲಿ ಒಂದೇ ಎಲೆ.

ಆಗ ಬಂದಳು, ಚೆಲುವಿ.

ಮಧ್ಯಾಹ್ನದ ಹೊತ್ತು. ತಲೆ ಬೆಳ್ಳಗಾಗಿತ್ತು, ಬೆನ್ನು ಬಾಗಿತ್ತು. ದೂರದಿಂದ ತೆಂಗು ಕಂಡಿತ್ತು, ಆಮೇಲೆ ನುಗ್ಗೆ ಕಂಡಿತ್ತು, ಆಮೇಲೆ ಕೆಂಪು ದಾಸವಾಳ. ಇಷ್ಟೆಲ್ಲ ಯಾರಿಗೋ ಕಾದು ನಿಲ್ಲಿಸಿದ ಹಾಗಿದೆ ಎಂದುಕೊಂಡು ಬಂದಳು. ಅಂಗಳದಲ್ಲಿ ಈರಕ್ಕ ನಿಂತಿದ್ದಳು.

"ಅಕ್ಕ," ಎಂದಳು.

ಎಲ್ಲರೂ ಕರೆಯುತ್ತಿದ್ದದ್ದು ಹಾಗೆಯೇ. ಈರಕ್ಕ, "ಯಾರಮ್ಮ? ನೀರು ಬೇಕಾ?" ಎಂದಳು.

ಬಂದವಳು ಸ್ವಲ್ಪ ಹೊತ್ತು ನೋಡಿದಳು. "ಹೂಂ, ಬೇಕು," ಎಂದಳು. ಜಗಲಿಯ ಅಂಚಿನಲ್ಲಿ ಕುಳಿತು ಎಡಗೈ ಬೊಗಸೆಯಲ್ಲಿ ಕುಡಿದಳು. ಈರಕ್ಕ ಆ ಕೈಯನ್ನೇ ನೋಡಿದಳು. ಏನೋ ಇದೆ ಅನ್ನಿಸಿತು. ಏನು ಅಂತ ಗೊತ್ತಾಗಲಿಲ್ಲ. ಆ ಎಲೆ ತಿಂದು ಬಹಳ ದಿನವಾಗಿತ್ತು.

"ದೂರದಿಂದ ಬಂದ್ರಾ ತಾಯಿ?"

"ಸಮುದ್ರದಿಂದ. ಹೋಗುವಾಗ ನದಿ ಕರ್ಕೊಂಡು ಹೋಯ್ತು. ವಾಪಸ್ಸು ಬರೋಕೆ ನಾನೇ ನಡೀಬೇಕಾಯ್ತು. ಸಮುದ್ರದ ಹತ್ತಿರ ನದಿಗಳೆಲ್ಲ ಒಂದೇ ಥರ ಕಾಣ್ತಾವೆ. ನಮ್ಮದು ಯಾವುದು ಅಂತ ಗೊತ್ತಾಗಲಿಲ್ಲ. ಒಂದೊಂದನ್ನೂ ಹುಟ್ಟೋ ಕಡೆಯವರೆಗೂ ಹತ್ತಿ, ಇದಲ್ಲ ಅಂತ ಇಳಿದೆ." ಈರಕ್ಕನ ಮುಖ ನೋಡುತ್ತಾ ನಿಧಾನವಾಗಿ ಹೇಳಿದಳು. "ಆರು ನದಿ ಆಯ್ತು. ಇದು ಎಂಟನೇದು."

"ಆರಾದ ಮೇಲೆ ಏಳಲ್ವಾ ತಾಯಿ?" ಎಂದಳು ಈರಕ್ಕ, ನೋವಾಗದ ಹಾಗೆ.

ಬಂದವಳು ಬೊಗಸೆ ಬಿಟ್ಟಳು. ನೀರು ನೆಲಕ್ಕೆ ಚೆಲ್ಲಿತು.

"ಹೌದು," ಎಂದಳು. "ಏಳೇ."

ಆಮೇಲೆ ಸುತ್ತಲೂ ನೋಡಿ ಕೇಳಿದಳು. "ಈ ಮನೆ, ಈ ಗಿಡ, ಇದೆಲ್ಲ ಯಾರಿಗೆ?"

"ನನ್ನ ತಂಗಿಗೆ. ಬರ್ತೀನಿ ಅಂದಿದ್ದಾಳೆ."

"ಹೇಗಿದ್ದಾಳೆ ನಿಮ್ಮ ತಂಗಿ?"

ಈರಕ್ಕ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. "ಚಿಕ್ಕವಳು," ಎಂದಳು.

ನಾನೇ ನಿನ್ನ ತಂಗಿ ಎಂದು ಚೆಲುವಿ ಹೇಳಬಹುದಿತ್ತು. ಯಾಕೆ ಹೇಳಲಿಲ್ಲ ಎಂದು ಆಮೇಲೆ ಈರಕ್ಕ ಕೇಳಿದ್ದೂ ಉಂಟು. "ಹೇಳಿದ್ರೆ ನೀನು ಮರ್ಯಾದೆಗೆ ಹೌದಾ ಅಂತಿದ್ದೆ. ಒಳಗೆ ಕರೆದು ಊಟ ಹಾಕ್ತಿದ್ದೆ. ಆಮೇಲೂ ನಿನ್ನ ಕಣ್ಣು ದಾರಿ ಮೇಲೇ ಇರ್ತಿತ್ತು. ಅದನ್ನ ನೋಡ್ಕೊಂಡು ನಾನು ಹೇಗಿರಲಿ?" ಎಂದಳಂತೆ.

ಆ ಹೊತ್ತಿಗೆ ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಅಕ್ಕ, ಬರ್ತೀನಿ."

ಹೋದಳು.

ಈರಕ್ಕ ಬಿಂದಿಗೆ ಹಿಡಿದು ನಿಂತೇ ಇದ್ದಳು. ಎಷ್ಟೋ ಜನ ಈ ಅಂಗಳಕ್ಕೆ ಬಂದು ಹೋಗಿದ್ದರು. ಎಲ್ಲರೂ ಹೋಗ್ತೀನಿ ಎಂದವರೇ. ಹೋಗುವಾಗ ಬರ್ತೀನಿ ಎನ್ನುವವರು... ಹಾಗೆ ಯಾರೋ ಅನ್ನುತ್ತಿದ್ದರು. ಯಾರು?

ಬಿಂದಿಗೆ ಇಟ್ಟು ಹಿತ್ತಲಿಗೆ ಓಡಿದಳು. ಬಾಳೆಯನ್ನು ದಾಟಿದಳು.

"ನೂರೆಲಗ, ಹೋಗ್ತಾ ಬರ್ತೀನಿ ಅನ್ನೋದು ಯಾರು?"

ಎಲೆಗಳು ಹೋದಮೇಲೆ ನೂರೆಲಗಕ್ಕೆ ಮಾತೂ ಕಷ್ಟವಾಗಿತ್ತು. "ನಿನ್ನವು ಮುಗಿದವು ಈರಕ್ಕ. ಕೊನೇದನ್ನು ಹೋದ ತಿಂಗಳೇ ತಿಂದೆ."

"ಅದೊಂದಿದೆಯಲ್ಲ."

"ಅದಾ."

ತುದಿಯ ಎಲೆ ಒಮ್ಮೆ ಅಲುಗಿತು. ನೂರೆಲಗ ದಾರಿಯ ಕಡೆ ನೋಡಿತು. ಬೆಳ್ಳಗಿನ ತಲೆಯೊಂದು ತೆಂಗಿನ ಮರವನ್ನು ದಾಟುತ್ತಿತ್ತು.

"ಇದ್ರಲ್ಲಿ ಅವಳಿದ್ದಾಳಾ?" ಎಂದು ಕೇಳಿದಳು ಈರಕ್ಕ.

"ಇದ್ದಾಳೆ. ನೀನು ಹೇಳಿದ್ದನ್ನೆಲ್ಲ ನಾನು ಕೇಳಿಸಿಕೊಂಡಿದ್ದೀನಲ್ಲ," ಎಂದಿತು ನೂರೆಲಗ. "ತಿನ್ನು. ಬೇಗ ತಿನ್ನು."

ಈರಕ್ಕ ಕಿತ್ತು ತಿಂದಳು. ಒಂದು ಮಾತಲ್ಲ, ತೊಂಬತ್ತೊಂಬತ್ತೂ ಒಟ್ಟಿಗೆ ಬಂದವು. ಮಚ್ಚೆ ಬಂತು, ಎಡಗೈ ಬಂತು, ಕತ್ತಿನ ಮೇಲಿನ ಕೈ ಬಂತು. ಅವಳು ಓಡಿದಳು. ಮೊಣಕಾಲು ನೋಯುತ್ತಿತ್ತು. ಅಂಗಳ ದಾಟಿ, ದಾಸವಾಳ ದಾಟಿ, ತೆಂಗಿನ ಬುಡದಲ್ಲಿ ಉಸಿರು ಕಟ್ಟಿ ನಿಂತಳು. ಆ ತಲೆ ಇಳಿಜಾರಿನಲ್ಲಿ ಇಳಿಯುತ್ತಿತ್ತು.

"ಲೇ," ಎಂದು ಕೂಗಿದಳು. "ಆರಾದ ಮೇಲೆ ಎಷ್ಟೇ?"

ತಲೆ ನಿಂತಿತು. ತಿರುಗಲಿಲ್ಲ.

"ಎಂಟು," ಎಂದಿತು ಕೆಳಗಿನಿಂದ ದನಿ.

ಆಮೇಲಿನದು ಅವರಿಬ್ಬರಿಗೆ ಬಿಟ್ಟದ್ದು. ಮಲ್ಲಿಗೆ ಮಾತ್ರ ಅವತ್ತು ಹೊತ್ತಿಗೆ ಮುಂಚೆ ಅರಳಿ ದಾಸವಾಳದ ಕೈಯಲ್ಲಿ ಬೈಸಿಕೊಂಡಿತಂತೆ.

ಚೆಲುವಿ ಆ ಮನೆಯಲ್ಲೇ ಉಳಿದಳು. ಈರಕ್ಕನಿಗೆ ಇನ್ನು ಯಾವ ಎಲೆಯೂ ಬೇಕಾಗಿರಲಿಲ್ಲ. ಎದುರಿಗೆ ಕುಳಿತವಳನ್ನು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಗೋಡೆಯ ಒಳಗೆ ಇಬ್ಬರ ಮಾತು ತುಂಬಿತು. ಊಟ ಮಾಡುತ್ತಾ ಮಾತು, ಪಾತ್ರೆ ತೊಳೆಯುತ್ತಾ ಮಾತು. ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ಸಂಜೆ ಪಾತ್ರೆ ತೊಳೆದ ನೀರು ಹರಿದು ಹೋಗುವುದನ್ನು ನೋಡುತ್ತಿದ್ದ ಈರಕ್ಕ ಥಟ್ಟನೆ ಎದ್ದಳು.

"ಬಾರೇ, ಒಬ್ಬರನ್ನ ತೋರಿಸ್ತೀನಿ," ಎಂದು ತಂಗಿಯ ಕೈ ಹಿಡಿದು ಬಾಳೆಯಾಚೆ ಕರೆದುಕೊಂಡು ಹೋದಳು.

ಕಡ್ಡಿ ಒಣಗಿ ಬಿದ್ದಿತ್ತು. ಅದರ ಬುಡದಲ್ಲಿ, ಒದ್ದೆ ನೆಲದ ಮೇಲೆ, ಸಣ್ಣ ದೇಟು ಎದ್ದಿತ್ತು. ಅದಕ್ಕೆ ಒಂದೇ ಎಲೆ. ಎಳೆಯದು, ದುಂಡಗಿನದು.

"ಚಿಗುರಿದೆಯಲ್ಲ," ಎಂದಳು ಈರಕ್ಕ. ದನಿಯಲ್ಲಿ ಸಂತೋಷವಿತ್ತು. "ಚಿಗುರೋದಿಲ್ಲ ಅಂದಿದ್ದೆ. ನೋಡು, ಯಾರು ಬಂದಿದ್ದಾರೆ."

ಎಲೆ ಅವಳ ಕಡೆ ತಿರುಗಿತು.

"ಯಾರಮ್ಮ?" ಎಂದಿತು. "ನೀರು ಬೇಕಾ? ಇಲ್ಲಿ ಬೇಕಾದಷ್ಟಿದೆ."

ಈರಕ್ಕ ಎಲೆಯ ಕಡೆ ಬಗ್ಗಿದಳು.

"ನಾನು," ಎಂದಳು. "ಈರಕ್ಕ."

"ಯಾವ ಈರಕ್ಕ?"

ಚೆಲುವಿ ಅಕ್ಕನ ಮುಖ ನೋಡಿದಳು, ಎಲೆಯನ್ನು ನೋಡಿದಳು.

"ತಪ್ಪು ತಿಳ್ಕೋಬೇಡಮ್ಮ," ಎಂದಿತು ಎಲೆ. "ನನಗೆ ನಾನು ಯಾರು ಅಂತಲೂ ಗೊತ್ತಿಲ್ಲ. ನಿನಗೇನಾದ್ರೂ ಗೊತ್ತಾ?"

ಬಾಳೆ ಎಂದೂ ಮೆಲ್ಲಗೆ ಮಾತಾಡಿದ್ದಲ್ಲ. ಅವತ್ತು ಮೆಲ್ಲಗೆ ಹೇಳಿತು. "ನೀನು ಅವತ್ತು ತಿಂದದ್ದು ನಿನ್ನ ಎಲೆಯಲ್ಲ ಈರಕ್ಕ. ಅದು ತನಗೇ ಅಂತ ಇಟ್ಕೊಂಡಿದ್ದು."

ಈರಕ್ಕ ಒದ್ದೆ ನೆಲದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಇಷ್ಟು ವರ್ಷ ಕುಳಿತ ಜಾಗವೇ.

"ನಿನ್ನ ಹೆಸರು ನೂರೆಲಗ," ಎಂದಳು.

"ನೂರಾ?" ಎಲೆಗೆ ನಗು ಬಂತು. "ನನಗಿರೋದು ಒಂದೇ ಅಲ್ವಾ?"

ಅವಳು ಹೇಳಿದಳು. ಚೆಲುವಿಯೂ ಪಕ್ಕದಲ್ಲಿ ಕುಳಿತಳು. ಮೊಣಕಾಲೆತ್ತರವಿದ್ದದ್ದು, ತಡವಾಗಿ ಬಂದದ್ದು, ಒಳ್ಳೆಯ ಜಾಗ ಸಿಗದೆ ಹೋದದ್ದು, ಎಲ್ಲ ಹೇಳಿದಳು. ಎಲೆ ಅಲುಗದೆ ಕೇಳಿತು. ಮಾರನೆಯ ಸಂಜೆ ಹೋದಾಗ, "ಯಾರಮ್ಮ?" ಎಂದಿತು. ಈರಕ್ಕ ಮತ್ತೆ ಮೊದಲಿಂದ ಹೇಳಿದಳು. ಇರುವಷ್ಟು ದಿನವೂ ಹೇಳಿದಳು.

ಅಕ್ಕ ತಂಗಿಯರು ಹೋಗಿ ಎಷ್ಟೋ ಕಾಲವಾಯಿತು. ಗಿಡಗಳು ನಡೆಯುವುದನ್ನು ಮರೆತವು, ಮಾತನ್ನೂ ಮರೆತವು. ಹೊರಟವರು ಬರ್ತೀನಿ ಎನ್ನುವುದು ಲೋಕಕ್ಕೆಲ್ಲ ರೂಢಿಯಾಯಿತು. ಆ ಗಿಡ ಮಾತ್ರ ಒದ್ದೆ ನೆಲ ಹಿಡಿದು ಇನ್ನೂ ಅಷ್ಟಷ್ಟೇ ಮುಂದಕ್ಕೆ ಹರಿಯುತ್ತದೆ. ಒಂದು ಗೇಣು ಹೋಗಿ ಬೇರು ಊರುತ್ತದೆ, ಎಲೆ ಎತ್ತಿ ಕೇಳಿಸಿಕೊಳ್ಳುತ್ತದೆ, ಮತ್ತೆ ಒಂದು ಗೇಣು ಹೋಗುತ್ತದೆ. ನಾವು ಅದನ್ನು ಒಂದೆಲಗ ಎನ್ನುತ್ತೇವೆ. ಮರೆವಿಗೆ ಒಳ್ಳೆಯದೆಂದು ತಂಬುಳಿ ಮಾಡುತ್ತೇವೆ.

ನಿಮ್ಮ ಹಿತ್ತಲಲ್ಲೂ ಪಾತ್ರೆ ತೊಳೆದ ನೀರು ನಿಲ್ಲುವ ಕಡೆ ಬಗ್ಗಿ ನೋಡಿ, ಒಂದು ದೇಟಿಗೆ ಒಂದೇ ಎಲೆ ಕಿವಿಯ ಹಾಗೆ ನಿಮ್ಮ ಕಡೆ ತಿರುಗಿಕೊಂಡಿರುತ್ತದೆ, ತಾನು ಯಾರೆಂದು ನೀವಾದರೂ ಹೇಳುತ್ತೀರೇನೋ ಎಂದು.